ದೋಣಿಯ ಹಿಂದೆ ಉಳಿದವರು

ಈರಿ ಊರಿನ ಆಸ್ಪತ್ರೆ
೨೬ ಸೆಪ್ಟೆಂಬರ್ ೧೮೧೩

ಪ್ರೀತಿಯ ಕೆಜಾಯ ಅಕ್ಕ,

ನಾನು ಬದುಕಿದ್ದೇನೆ. ಮೊದಲು ಅದನ್ನು ಬರೆದುಬಿಟ್ಟರೆ ಉಳಿದದ್ದನ್ನು ನೀನು ಸಮಾಧಾನವಾಗಿ ಕುಳಿತು ಓದುತ್ತೀಯ. ಸರೋವರದ ಮೇಲೆ ಇಂಗ್ಲಿಷರ ಜೊತೆ ನಡೆದ ಕಾಳಗದ ಸುದ್ದಿ ಇಷ್ಟರಲ್ಲಿ ಫಿಲಡೆಲ್ಫಿಯಾ ಮುಟ್ಟಿರಬೇಕು. ಗೆದ್ದವರು ನಾವೇ. ಅವರ ಹಡಗುಗಳೆಲ್ಲ ನಮ್ಮ ಕೈಗೆ ಬಂದವು. ಆದರೆ ಎನಕ್ ಮತ್ತು ನಾನು ಇದ್ದ ಲಾರೆನ್ಸ್ ಹಡಗನ್ನು ನೋಡಿದರೆ ಅದು ಗೆದ್ದವರ ಹಡಗು ಎಂದು ಯಾರೂ ನಂಬುವುದಿಲ್ಲ. ಅದರ ಪಕ್ಕೆಯಲ್ಲಿ ಆಚೆಯ ಬೆಳಕು ಕಾಣುವ ಹಾಗೆ ತೂತುಗಳಿವೆ.

ನನ್ನ ಕಾಲಿಗೆ ಮರದ ಸಿಬಿರು ಹೊಕ್ಕಿದೆ. ಮುಳ್ಳು ಚುಚ್ಚಿದ್ದಕ್ಕಿಂತ ಒಂದಿಷ್ಟು ಹೆಚ್ಚು, ಅಷ್ಟೆ. ಇಲ್ಲಿ ಗಂಜಿ ಕೊಡುತ್ತಾರೆ. ಉಪ್ಪು ಹಾಕುವುದನ್ನು ಮಾತ್ರ ಮರೆಯುತ್ತಾರೆ.

ಎನಕ್ ಆಚೆ ದಡ ಸೇರಿದ, ಅಕ್ಕ. ಅವನ ವಿಷಯ ಈಗ ಹೆಚ್ಚು ಬರೆಯಲಾರೆ. ಹೇಗರ್ ಅತ್ತೆಗೆ ನೀನೇ ಹೇಳು. ನಿನಗಿಂತ ಚೆನ್ನಾಗಿ ಹೇಳುವವರು ಯಾರೂ ಇಲ್ಲ.

ನಿನ್ನ ತಮ್ಮ
ಐಶಮ್


ಲೊಂಬಾರ್ಡ್ ಬೀದಿ, ಫಿಲಡೆಲ್ಫಿಯಾ
೧೯ ಅಕ್ಟೋಬರ್ ೧೮೧೩

ಪ್ರೀತಿಯ ಐಶಮ್,

ನಿನ್ನ ಕಾಗದ ಓದಿ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಅಂಗಡಿಯ ಬಣ್ಣದ ಕೋಣೆಯಲ್ಲಿ ಚಿತ್ರಗಳಿಗೆ ಬಣ್ಣ ಹಚ್ಚುತ್ತಿದ್ದವರೆಲ್ಲ ತಿರುಗಿ ನೋಡಿದರು. ಆಚೆ ದಡ! ಸರೋವರದ ಆಚೆ ದಡ ಎಂದರೆ ಕೆನಡಾ ಎಂದು ತಿಳಿಯದಷ್ಟು ದಡ್ಡಿಯೇ ನಾನು? ಕಾಗದ ಯಾರದಾದರೂ ಕೈಗೆ ಬಿದ್ದೀತು ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀಯ. ನಿನಗೆ ಇಷ್ಟು ಬುದ್ಧಿ ಯಾವಾಗ ಬಂತೋ!

ಅವನು ಮಾಡಿದ್ದೇ ಸರಿ. ಮೇರಿಲ್ಯಾಂಡಿನಲ್ಲಿ ಅವನನ್ನು ಗುಲಾಮನಾಗಿ ಇಟ್ಟುಕೊಂಡಿದ್ದ ಹಳೆಯ ಧಣಿಯ ಕಡೆಯವನು ಬೇಸಿಗೆಯಲ್ಲಿ ಮತ್ತೆ ಬಂದಿದ್ದ. ಬಂದರಿನ ಹತ್ತಿರ ಎನಕ್‌ನ ಮುಖಚಹರೆ ಹೇಳಿಕೊಂಡು ವಿಚಾರಿಸುತ್ತಿದ್ದನಂತೆ. ನಿಮಗೆ ಗಾಬರಿಯಾಗಬಾರದೆಂದು ಆಗ ಬರೆದಿರಲಿಲ್ಲ. ದೇಶಕ್ಕಾಗಿ ಹೋರಾಡಿ ಬಂದರೂ ಈ ಊರಿನಲ್ಲಿ ಅವನ ಕೈಗೆ ಹಗ್ಗ ಬೀಳುವುದು ತಪ್ಪುತ್ತಿರಲಿಲ್ಲ. ಅಲ್ಲಿ ಹಿಡಿಯುವವರಿಲ್ಲ.

ಕತ್ತಲಾಗುವ ಮೊದಲೇ ಹೇಗರ್ ಅತ್ತೆಯ ಮನೆಗೆ ಓಡಿದೆ. ಪೇಟೆಯಲ್ಲಿ ಮಾರುವ ಬೋಟಿ ಸಾರಿನ ಹಂಡೆ ತಿಕ್ಕುತ್ತಿದ್ದಳು. ಓದಿ ಹೇಳಿದೆ. ಕೈಯಲ್ಲಿದ್ದ ತಿಕ್ಕುವ ಬಟ್ಟೆಯನ್ನು ಎಸೆದು, "ನನ್ನ ಮಗ ಯಾರ ಆಳೂ ಅಲ್ಲ ಕಣೇ ಇನ್ಮೇಲೆ! ಯಾರಪ್ಪನ ಮನೆ ಆಳೂ ಅಲ್ಲ!" ಎಂದು ಅಂಗಳದಲ್ಲೇ ಕುಣಿದಳು. ಅವಳ ಮಂಡಿನೋವು ಎಲ್ಲಿ ಹೋಯಿತೋ ಕಾಣೆ.

ಗೆಲುವಿನ ಸಂಭ್ರಮಕ್ಕೆ ಊರಿನ ಕಿಟಕಿಗಳಲ್ಲೆಲ್ಲ ಮೇಣದಬತ್ತಿ ಹಚ್ಚಿದರು. ನಾನೂ ಹಚ್ಚಿದೆ. ಅವನು ಅಲ್ಲಿ ನೆಲೆಯಾಗಲಿ, ನಾನು ಕಾಯುತ್ತೇನೆ. ಮದುವೆ ಕೆನಡಾದಲ್ಲೇ ಆಗಲಿ, ಚಳಿಗೆ ಎರಡು ಲಂಗ ಹೆಚ್ಚು ಉಟ್ಟರಾಯಿತು.

ಅವನಿಂದ ಸುದ್ದಿ ಬಂದ ತಕ್ಷಣ ತಿಳಿಸು. ಗಂಜಿಗೆ ಉಪ್ಪನ್ನು ಬಾಯಿಬಿಟ್ಟು ಕೇಳು.

ನಿನ್ನ ಅಕ್ಕ
ಕೆಜಾಯ


ಈರಿ
೨ ಡಿಸೆಂಬರ್ ೧೮೧೩

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕುಳಿತಾಗೆಲ್ಲ ಕೈ ತಣ್ಣಗಾಗುತ್ತದೆ. ಇಲ್ಲಿ ಹಿಮ ಬಿದ್ದು ಬಾಗಿಲೇ ತೆರೆಯುವುದಿಲ್ಲ. ಸರೋವರ ಅಂಚಿನಲ್ಲಿ ಹೆಪ್ಪುಗಟ್ಟಿದೆ. ನನ್ನನ್ನು ಆಸ್ಪತ್ರೆಯಿಂದ ಹಡಗುಕಟ್ಟೆಯ ಕೊಟ್ಟಿಗೆಗೆ ಕಳಿಸಿದ್ದಾರೆ. ಹಡಗಿನ ಸಂದುಗಳಿಗೆ ತುಂಬಲು ಕೂತು ಹಳೆಯ ಹಗ್ಗ ಬಿಚ್ಚಿ ನಾರು ಮಾಡುತ್ತೇನೆ.

ಕಾಯಬೇಡ ಅಕ್ಕ. ಅವನು ಹೋದ ಕಡೆಯಿಂದ ಸುದ್ದಿ ಬರುವುದಿಲ್ಲ. ನೀನು ಚಿಕ್ಕವಳು. ಇದಕ್ಕಿಂತ ಹೆಚ್ಚಿಗೆ ಹೇಳಲು ನನಗೆ ಬರುವುದಿಲ್ಲ.

ಐಶಮ್


ಲೊಂಬಾರ್ಡ್ ಬೀದಿ
೩೦ ಜನವರಿ ೧೮೧೪

ಐಶಮ್,

ನಿನಗಿಂತ ಆರು ವರ್ಷ ದೊಡ್ಡವಳಾದ ನನಗೆ 'ನೀನು ಚಿಕ್ಕವಳು' ಎಂದು ಬುದ್ಧಿ ಹೇಳುತ್ತೀಯ? ನಿನ್ನ ಮೂಗು ಒರೆಸಿ ಬೆಳೆಸಿದವಳು ನಾನು. ಎನಕ್ ಕುಸ್ತಿಯಲ್ಲಿ ನಿನ್ನನ್ನು ಮೀನುಪೇಟೆಯ ಕೆಸರಿಗೆ ಕೆಡವಿದ ದಿನದಿಂದ ನಿನಗೆ ಅವನ ಮೇಲೆ ಒಳಗೇ ಸಿಟ್ಟು. ಈಗ ಹೊಟ್ಟೆಕಿಚ್ಚಿಗೆ ನನ್ನನ್ನು ಬೇರೆ ಯಾರಿಗೋ ಕಟ್ಟಬೇಕೆಂದಿದ್ದೀಯ. ಆಗುವುದಿಲ್ಲ.

ಇಲ್ಲಿ ಬೇರೆಯೇ ಬೆಂಕಿ ಎದ್ದಿದೆ. ಹೇಗರ್ ಅತ್ತೆ ಸಂತೋಷ ತಡೆಯಲಾರದೆ ಯಾರಲ್ಲೋ ಬಾಯಿಬಿಟ್ಟಿದ್ದಾಳೆ. ಅದು ನಮ್ಮ ಚರ್ಚಿನ ಗಂಟೆ ಬಾರಿಸುವ ಟೋಬಿಯಸನ ಕಿವಿಗೆ ಬಿತ್ತು. ಕಳೆದ ಭಾನುವಾರ ಮೆಟ್ಟಿಲ ಮೇಲೆ ಎಲ್ಲರ ಎದುರು ಅತ್ತೆಗೆ, "ನಮ್ಮ ಕಪ್ಪು ಬಣ್ಣದೋರು ಹೇಡಿಗಳು ಅಂತ ಶಾಸನಸಭೇಲಿ ಮಾತಾಡ್ತಿದಾರೆ. ಎಲ್ರ ಹೆಸರೂ ಬರೆಸ್ಕೊಂಡು ಚೀಟಿ ಕೊಡ್ಬೇಕಂತೆ. ನಿನ್ನ ಮಗ ಗುಂಡಿನ ಸದ್ದು ಕೇಳಿ ಓಡಿಹೋಗಿ ಅವರ ಮಾತಿಗೆ ಸಾಕ್ಷಿ ಹೇಳ್ದ ನೋಡು" ಎಂದ. ನಾನು, "ಓಡೋನು ಕಾಳಗ ಮುಗಿಯೋವರೆಗೂ ಯಾಕೆ ಕಾಯ್ತಿದ್ದ?" ಎಂದೆ. "ಮುಗಿಯೋವರೆಗೂ ಇದ್ದ ಅಂತ ಯಾರು ಕಂಡಿದಾರೆ?" ಎಂದ. ಅತ್ತೆಯ ಕೈ ಹಿಡಿದು ಮನೆಗೆ ಕರೆತಂದೆ.

ಅಂದಿನಿಂದ ಅತ್ತೆ ಹಂಡೆ ಹೊತ್ತು ಪೇಟೆಗೆ ಹೋಗಿಲ್ಲ. "ಮಗ ಬದುಕಿದಾನಲ್ಲ, ಸಾಕು ಬಿಡು" ಎನ್ನುತ್ತಾಳೆ. ಆದರೆ ಕಿಟಕಿ ತೆರೆಯುವುದಿಲ್ಲ.

ನಾನು ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಮೇ ತಿಂಗಳಲ್ಲಿ ಹಾದಿ ಒಣಗಿದ ಕೂಡಲೇ ಅತ್ತೆಯನ್ನು ಕರೆದುಕೊಂಡು ಹೊರಡುತ್ತೇನೆ. ಈರಿಗೆ ಬಂದು, ಅಲ್ಲಿಂದ ಹೇಗಾದರೂ ದಾಟುತ್ತೇನೆ. ಯುದ್ಧವಿದೆ, ಕಾಡಿದೆ ಎಂದು ಹೆದರಿಸಬೇಡ. ಅವನು ಯಾವ ಊರಲ್ಲಿದ್ದಾನೆ ಎಂದಷ್ಟೇ ವಿಚಾರಿಸಿ ಇಡು.

ಕೆಜಾಯ


ಲೊಂಬಾರ್ಡ್ ಬೀದಿ
೩ ಏಪ್ರಿಲ್ ೧೮೧೪

ಐಶಮ್,

ಎರಡು ತಿಂಗಳಾದರೂ ನಿನ್ನಿಂದ ಒಂದು ಸಾಲಿಲ್ಲ. ಮುನಿಸಿಕೊಂಡಿದ್ದರೆ ಮುನಿಸಿಕೊಂಡಿರು, ಇದೊಂದಕ್ಕೆ ಮಾತ್ರ ಉತ್ತರ ಬೇಕು.

ನಿಮ್ಮ ಕಾಳಗ ನಮ್ಮ ಅಂಗಡಿಗೆ ಬಂದಿದೆ. ಯಜಮಾನ ಟ್ರೆಸ್ಕಾಟರು ತಾಮ್ರದ ತಗಡಿನಲ್ಲಿ ಕೆತ್ತಿಸಿ ಅಚ್ಚು ಹಾಕಿಸಿದ್ದಾರೆ. ನನ್ನ ಎರಡು ಕೈ ಚಾಚಿದರೂ ಸಾಲದಷ್ಟು ಅಗಲದ ಹಾಳೆ. ನಡುವೆ ಒಂದು ಸಣ್ಣ ದೋಣಿ, ಅದರಲ್ಲಿ ನಿಮ್ಮ ದಳಪತಿ ಎದ್ದು ನಿಂತಿದ್ದಾನೆ. ಮುರಿದ ಹಡಗನ್ನು ಬಿಟ್ಟು ಇನ್ನೊಂದು ಹಡಗಿಗೆ ಹೋಗುತ್ತಿರುವ ಗಳಿಗೆಯಂತೆ. ಸುತ್ತ ಗುಂಡು ಬಿದ್ದು ನೀರು ಚಿಮ್ಮಿದೆ. ಹಿಂದೆ ಲಾರೆನ್ಸ್, ಹಾಯಿಗಳು ಹರಿದ ಬಟ್ಟೆಯ ಹಾಗೆ ನೇತಾಡುತ್ತಿವೆ. ಡೆಕ್ಕಿನ ಮೇಲೆ ಹೆಬ್ಬೆರಳ ಉಗುರಿನಷ್ಟು ಚಿಕ್ಕ ಜನ.

ನಾವು ಐದು ಜನ ಹೆಂಗಸರು ಉದ್ದ ಮೇಜಿಗೆ ಕೂತಿದ್ದೇವೆ. ಒಬ್ಬಳು ನೀರಿಗೆ ನೀಲಿ ಹಚ್ಚಿ ಹಾಳೆಯನ್ನು ಮುಂದೆ ಸರಿಸಿದರೆ, ಮುಂದಿನವಳು ಬೆಂಕಿಗೆ ಕೆಂಪು ಹಚ್ಚುತ್ತಾಳೆ. ಐರ್ಲೆಂಡಿನ ನೋರಾ ಬಾವುಟಗಳಿಗೆ. ಮುಖ ಕೈಗಳು ನನ್ನ ಪಾಲಿಗೆ. ಮುಂದೆ ಇಟ್ಟಿರುವ ಮಾದರಿಯಲ್ಲಿ ಪ್ರತಿಯೊಬ್ಬನ ಮುಖಕ್ಕೂ ಗುಲಾಬಿ ಬಣ್ಣ. ಒಬ್ಬನೂ ಬಿಟ್ಟಿಲ್ಲ. ನಾನು ಎಲ್ಲರನ್ನೂ ಭೂತಗನ್ನಡಿಯಲ್ಲಿ ನೋಡಿದೆ. ನೀನಿಲ್ಲ, ಎನಕ್ ಇಲ್ಲ, ನಮ್ಮವರು ಯಾರೂ ಇಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನ ಕೈಯಿಂದಲೇ ನಿಮ್ಮನ್ನು ಅಳಿಸುತ್ತಿದ್ದೇನೆ.

ಆದ್ದರಿಂದ ಕೇಳುತ್ತಿದ್ದೇನೆ. ನೀವಿಬ್ಬರೂ ಎಲ್ಲಿ ನಿಂತಿದ್ದಿರಿ? ಯಾವ ಫಿರಂಗಿ? ಕೈಯಲ್ಲಿ ಏನಿತ್ತು? ಹೊರಡುವ ಮುಂಚೆ ಒಂದು ಹಾಳೆಯಲ್ಲಾದರೂ ಎನಕ್ ಅವನ ಜಾಗದಲ್ಲಿ, ಅವನ ಬಣ್ಣದಲ್ಲಿ ನಿಂತಿರಬೇಕು. ಅದನ್ನು ತಂದು ಟೋಬಿಯಸನ ಮುಖಕ್ಕೆ ಹಿಡಿಯುತ್ತೇನೆ. ಕುಂಚ ತೊಳೆದು ಇಟ್ಟುಕೊಂಡಿದ್ದೇನೆ, ಬೇಗ ಬರೆ.

ಕೆಜಾಯ


ಈರಿ
೨೪ ಏಪ್ರಿಲ್ ೧೮೧೪

ಅಕ್ಕ,

ಕೂತುಕೊಂಡು ಓದು. ನೋರಾ ಎನ್ನುವವಳು ಒಳ್ಳೆಯವಳಾದರೆ ಪಕ್ಕದಲ್ಲಿ ಕೂರಿಸಿಕೋ.

ಎನಕ್ ಕೆನಡಾಕ್ಕೆ ಹೋಗಲಿಲ್ಲ. ಆಚೆ ದಡ ಎಂದು ನಾನು ಬರೆದದ್ದು ನಮ್ಮ ಅಮ್ಮ ಸತ್ತವರ ಬಗ್ಗೆ ಹೇಳುತ್ತಿದ್ದಳಲ್ಲ, ಆ ಅರ್ಥದಲ್ಲಿ. ಜ್ವರದಲ್ಲಿದ್ದೆ, ನೇರವಾಗಿ ಬರೆಯಲು ಕೈ ಬರಲಿಲ್ಲ. ನೀನು ತಿಳಿದುಕೊಳ್ಳುತ್ತೀಯ ಎಂದುಕೊಂಡೆ. ನಿನ್ನ ಉತ್ತರ ಬಂತು. ಅತ್ತೆ ಅಂಗಳದಲ್ಲಿ ಕುಣಿದಳು ಎಂದು ನೀನು ಬರೆದಿದ್ದೆ. ಅದನ್ನು ಓದಿದ ಮೇಲೆ ನಿಜ ಬರೆಯುವುದು ಅವನನ್ನು ಮತ್ತೊಮ್ಮೆ ಕೊಂದ ಹಾಗೆ ಅನಿಸಿತು. ನೀನು ಹೊರಡುತ್ತೇನೆ ಎಂದಾಗಲೂ ಬರೆದು ಬರೆದು ಒಲೆಗೆ ಹಾಕಿದೆ. ಈಗ ನೀನು ಅವನ ಜಾಗ ಕೇಳಿದ್ದೀಯ. ಅದಕ್ಕೆ ಸುಳ್ಳು ಹೇಳಲು ಆಗುವುದಿಲ್ಲ.

ಮುಂದಿನ ಹಾಯಿಕಂಬದ ಪಕ್ಕದಲ್ಲೇ, ಹಿಂದುಗಡೆಗೆ ಇರುವ ಫಿರಂಗಿ ನಮ್ಮದು. ಮದ್ದು ಜಡಿಯುವ ಕೋಲು ಎನಕ್‌ನ ಕೈಯಲ್ಲಿತ್ತು. ನಾನು ಗುಂಡು ಕೊಡುತ್ತಿದ್ದೆ. ರಕ್ತದಲ್ಲಿ ಕಾಲು ಜಾರಬಾರದೆಂದು ಕಾಳಗಕ್ಕೆ ಮೊದಲೇ ಡೆಕ್ಕಿನ ತುಂಬ ಮರಳು ಹರಡಿದ್ದರು. ಗಾಳಿ ಬಿದ್ದುಹೋಗಿ ನಮ್ಮ ಉಳಿದ ಹಡಗುಗಳು ಹಿಂದೆ ಉಳಿದವು. ಇಂಗ್ಲಿಷರ ಹಡಗುಗಳು ನಮ್ಮದೊಂದನ್ನೇ ಹೊಡೆದವು. ಒಂದೊಂದಾಗಿ ಫಿರಂಗಿಗಳು ಮಗುಚಿದವು. ನಮ್ಮದರ ಹತ್ತಿರ ಕೊನೆಗೆ ನಾವಿಬ್ಬರೇ ಉಳಿದೆವು. ನಾನು, "ಸಾಕು ಬಾರೋ, ಕೆಳಗೆ ಹೋಗೋಣ" ಎಂದೆ. ಅವನು, "ನೀ ಹೋಗು. ಇದು ಇನ್ನೂ ಉಗುಳ್ತದೆ" ಎಂದು ಫಿರಂಗಿಯ ಬೆನ್ನು ತಟ್ಟಿದ. ನಾನು ಹೋಗಲಿಲ್ಲ. ಇನ್ನೂ ಎರಡು ಸಲ ಹೊಡೆದೆವು.

ಆಮೇಲೆ ಹಡಗಿನ ಪಕ್ಕೆಯೇ ಒಳಗೆ ಬಂದಂತಾಯಿತು. ನನ್ನ ಕಾಲಿಗೆ ಬಡಿದದ್ದು ಅವನ ಹೊಟ್ಟೆಗೂ ಬಡಿದಿತ್ತು. ಹಾಯಿಕಂಬಕ್ಕೆ ಒರಗಿಸಿದೆ. ನಿನ್ನ ಹೆಸರು ಹೇಳಿದ ಎಂದು ಬರೆಯಬಹುದು, ಆದರೆ ಹೇಳಲಿಲ್ಲ. "ಬೂಟಲ್ಲಿ ಮರಳು ಹೋಗಿದೆ ಕಣೋ, ಒತ್ತುತ್ತಿದೆ, ಬಿಚ್ಚು" ಎಂದ. ಬಿಚ್ಚಿದೆ. ಕೊಡವಿದೆ. ಕಾಲು ಒರೆಸಿದೆ. "ಈಗ ಹೇಗಿದೆ?" ಎಂದು ಕೇಳಿ ತಲೆಯೆತ್ತಿ ನೋಡುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಅದಾದ ಸ್ವಲ್ಪ ಹೊತ್ತಿಗೆ ದಳಪತಿಯ ದೋಣಿ ಹೊರಟಿತು. ಆ ಚಿತ್ರದಲ್ಲಿ ಎಲ್ಲರೂ ದೋಣಿಯನ್ನೇ ನೋಡುತ್ತಾರೆ, ಗೊತ್ತು. ನಾವೂ ನೋಡಿದೆವು. ಆದರೆ ಹಿಂದೆ ಉಳಿದದ್ದು ನಾವು. ಸಂಜೆ ಸತ್ತ ನಾವಿಕರನ್ನೆಲ್ಲ ಅವರವರ ತೂಗುಹಾಸಿಗೆಯಲ್ಲೇ ಹೊಲಿದು, ಕಾಲಿನ ಕಡೆ ಗುಂಡು ಕಟ್ಟಿ ಸರೋವರಕ್ಕೆ ಇಳಿಸಿದರು. ಎನಕ್‌ನ ಹಾಸಿಗೆಯನ್ನು ಹೊಲಿದವನು ನಾನು.

ಇನ್ನೊಂದು ನಿಜವೂ ಹೇಳಿಬಿಡುತ್ತೇನೆ. ನನ್ನ ಕಾಲು ಮಡಚುವುದಿಲ್ಲ. ಇನ್ನು ಮೇಲೆ ಹಡಗು ಹತ್ತುವವನಲ್ಲ.

ಬಣ್ಣ ಹಚ್ಚುವುದಾದರೆ ಎನಕ್ ಒಬ್ಬನಿಗೇ ಹಚ್ಚಬೇಡ. ನಮ್ಮ ಹಿಂದಿನ ಫಿರಂಗಿಯಲ್ಲಿ ನ್ಯೂಪೋರ್ಟಿನ ಸೀಸರ್ ಮತ್ತು ಅವನ ಭಾವ ಇದ್ದರು. ಚುಕ್ಕಾಣಿಯ ಹತ್ತಿರ ಡೆಲವೇರಿನ ಮುದುಕ ಪಾಂಪಿ. ಮದ್ದು ಹೊರುವವರಲ್ಲಿ ಅರ್ಧಕ್ಕರ್ಧ ನಮ್ಮವರೇ. ಹಚ್ಚಿದರೆ ಎಲ್ಲರಿಗೂ ಹಚ್ಚು, ಇಲ್ಲವಾದರೆ ಬಿಟ್ಟುಬಿಡು.

ಐಶಮ್


ಲೊಂಬಾರ್ಡ್ ಬೀದಿ
೧೭ ಮೇ ೧೮೧೪

ಐಶಮ್,

ಕಾಗದ ಬಂತು. ಅತ್ತೆಗೆ ಓದಿ ಹೇಳಿದೆ.

ಕೆಜಾಯ


ಈರಿ
೯ ಜೂನ್ ೧೮೧೪

ಪ್ರೀತಿಯ ಅಕ್ಕ,

ನಿನ್ನ ಎರಡು ಮಾತಿನ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ನೀನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಿನ್ನ ಕೈಬರಹ ಇಷ್ಟು ಚಿಕ್ಕದಾದದ್ದನ್ನು ನಾನು ಎಂದೂ ಕಂಡಿಲ್ಲ.

'ನನ್ನ ಮುಖ ನೋಡಬೇಡ' ಎನ್ನುವುದಾದರೆ ಹಾಗಾದರೂ ಬರೆ. ಸುಮ್ಮನಿರಬೇಡ. ಬಂಡಿಯವನೊಬ್ಬ ಹ್ಯಾರಿಸ್‌ಬರ್ಗಿನವರೆಗೆ ಕೂರಿಸಿಕೊಳ್ಳುತ್ತೇನೆ ಎಂದಿದ್ದಾನೆ. ಮುಂದೆ ಊರುಗೋಲಿನಲ್ಲಿ ನಡೆದೇನು. ಅತ್ತೆಯ ಎದುರು ನಿಂತು ನಾನೇ ಹೇಳುತ್ತೇನೆ. ಅವಳು ಹೊಡೆದರೆ ಹೊಡೆಸಿಕೊಳ್ಳುತ್ತೇನೆ.

ಐಶಮ್


ಲೊಂಬಾರ್ಡ್ ಬೀದಿ
೫ ಜುಲೈ ೧೮೧೪

ಪ್ರೀತಿಯ ಐಶಮ್,

ನೀನು ಹೊರಡಬೇಡ. ಇದನ್ನು ಪೂರ್ತಿ ಓದು.

ನಿನ್ನ ಮೇಲೆ ಕೋಪವಿತ್ತು. ಒಂದು ವಾರ ಎದ್ದ ಕೂಡಲೇ ನಿನ್ನನ್ನೇ ಬೈಯುತ್ತಿದ್ದೆ. ಆಮೇಲೆ ನೆನಪಾಯಿತು, ನಗುತ್ತ ಕುಣಿಯುತ್ತ ನಿನ್ನ ಬಾಯಿ ಕಟ್ಟಿದವಳು ನಾನೇ. ಅದನ್ನು ಅಲ್ಲಿಗೇ ಬಿಡೋಣ.

ನೀನು ಬರೆದ ಕಾಗದ ಓದಿದಾಗ ಅತ್ತೆ ಅಳಲಿಲ್ಲ. ಬೂಟಿನ ಮರಳಿನ ಮಾತು ಬಂದ ಕಡೆ ಮಾತ್ರ, "ಇನ್ನೊಂದು ಸಲ ಓದು" ಎಂದಳು. ಓದಿದೆ. "ಚಿಕ್ಕವನಿದ್ದಾಗ್ಲೂ ಹಂಗೇ. ಬೂಟಲ್ಲಿ ಒಂದು ಕಲ್ಲಿದ್ರೂ ಬೀದಿ ನಡೂವೆ ಕೂತುಬಿಡೋನು" ಎಂದಳು. ಭಾನುವಾರ ಬೆಳಿಗ್ಗೆ ತಾನಾಗಿ ಎದ್ದು, ಕಪ್ಪು ಬಟ್ಟೆ ಉಟ್ಟು, "ಕಾಗದ ತಗೋ, ನಡಿ" ಎಂದಳು.

ಪ್ರಾರ್ಥನೆ ಮುಗಿದ ಮೇಲೆ ಯಾರೂ ಏಳುವ ಮೊದಲೇ ಅವಳು ಎದ್ದು ನಿಂತಳು. "ಟೋಬಿಯಸ್! ಯಾರು ಕಂಡಿದಾರೆ ಅಂತ ಕೇಳಿದ್ಯಲ್ಲ, ಕಂಡವನು ಬರೆದಿದಾನೆ. ಬಾ ಇಲ್ಲಿ, ಮುಂದೆ ನಿಂತ್ಕೊಂಡು ಕೇಳು" ಎಂದಳು. ನಾನು ಓದಿದೆ. ಬೂಟಿನ ಮಾತು ಬಂದಾಗ ಅತ್ತೆ ನನ್ನ ಮೊಣಕೈ ಹಿಡಿದಳು. ಟೋಬಿಯಸ್ ಟೋಪಿ ತೆಗೆದು ಕೊನೆಯವರೆಗೂ ನಿಂತಿದ್ದ. ಮುಗಿದ ಮೇಲೆ, "ನನ್ನ ನಾಲಿಗೆ ಸುಡ್ಲಿ ಹೇಗರಮ್ಮ" ಎಂದ. ಅವಳು, "ಸುಡೋದು ಬೇಡ. ಅದೇ ನಾಲಿಗೇಲಿ ಅವನ ಹೆಸರು ಹೇಳು. ಪೂರ್ತಿ ಹೇಳು. ಈಗ ಹಿಡ್ಕೊಂಡು ಹೋಗೋರು ಯಾರೂ ಇಲ್ಲ" ಎಂದಳು. ಅವನು, "ಎನಕ್ ಬರ್ಟನ್" ಎಂದ. ಇಡೀ ಚರ್ಚು ಅವನ ಹಿಂದೆಯೇ ಆ ಹೆಸರನ್ನು ಹೇಳಿತು.

ಮರುದಿನ ನಾನು ಮೇಜಿಗೆ ಕೂತು ಗುಲಾಬಿ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಕಂದು ಬಣ್ಣ ಕಲಸಿದೆ. ಹಾಯಿಕಂಬದ ಹತ್ತಿರ, ಕೋಲು ಹಿಡಿದು ಅರ್ಧ ಬೆನ್ನು ತೋರಿಸಿ ನಿಂತವನೊಬ್ಬನಿದ್ದಾನೆ. ಕೆತ್ತಿದವನಿಗೆ ಅವನು ಯಾರೋ ಒಬ್ಬ. ಮೊದಲು ಅವನಿಗೆ ಹಚ್ಚಿದೆ. ಪಕ್ಕದಲ್ಲಿ ಬಾಗಿದವನು ನೀನು. ಹಿಂದೆ ಸೀಸರ್, ಅವನ ಭಾವ, ಚುಕ್ಕಾಣಿಯ ಪಕ್ಕ ಪಾಂಪಿ, ಮದ್ದು ಹೊರುವವರು. ಹಾಳೆಯನ್ನು ನೋರಾಳ ಕಡೆಗೆ ಸರಿಸಿದೆ. ಅವಳು ನೋಡಿದಳು, ನನ್ನನ್ನೂ ನೋಡಿದಳು. "ನಿನ್ನೋನು ಯಾವ್ನೇ?" ಎಂದು ಪಿಸುಗುಟ್ಟಿದಳು. ತೋರಿಸಿದೆ. ಅವಳು ಅವನ ತಲೆಯ ಮೇಲಿನ ಬಾವುಟಕ್ಕೆ ಬಹಳ ಜೋಪಾನವಾಗಿ ನೀಲಿ ಹಚ್ಚಿದಳು. ಉಳಿದವರೂ ಸೊಲ್ಲೆತ್ತದೆ ಮುಂದೆ ಸರಿಸಿದರು. ಹಾಳೆಗಳು ಒಣಗಿ, ಕಟ್ಟುಗಳಾಗಿ, ಬಾಲ್ಟಿಮೋರಿಗೂ ಬಾಸ್ಟನಿಗೂ ಹೋದವು.

ಎರಡನೆಯ ವಾರ ಟ್ರೆಸ್ಕಾಟರ ಕಣ್ಣಿಗೆ ಬಿತ್ತು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನ ಹತ್ತಿರ ಬಂದರು.

"ಏನಿದು ಕೆಜಾಯ? ಮಾದರೀಲಿ ಹೀಗಿದೆಯಾ?"

"ಮಾದರೀಲಿ ಇಲ್ಲ. ಹಡಗಲ್ಲಿ ಹೀಗಿತ್ತು."

"ನೀನು ಹಡಗಲ್ಲಿದ್ಯಾ?"

"ನನ್ನ ತಮ್ಮ ಇದ್ದ. ನನ್ನ ಮದುವೆಯಾಗೋನು ಅಲ್ಲೇ ಸತ್ತ. ಇವನೇ ಅವನು."

ಅವರು ಹಾಳೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಕೆಟ್ಟ ಮನುಷ್ಯನಲ್ಲ. "ನಿನ್ನ ದುಃಖ ಅರ್ಥ ಆಗುತ್ತೆ. ಆದ್ರೆ ಇದನ್ನ ಗೋಡೆಗೆ ಹಾಕ್ಕೊಳ್ಳೋರು ತಮ್ಮಂಥೋರನ್ನ ನೋಡ್ಬೇಕು ಅಂತ ಕೊಳ್ತಾರೆ. ಉಳಿದಿರೋದಕ್ಕೆ ಗುಲಾಬಿ ಹಚ್ಚು, ಆಗಿದ್ದು ಆಗಿಹೋಯ್ತು" ಎಂದರು.

"ಹಚ್ಚೋಕಾಗಲ್ಲ ಯಜಮಾನ್ರೇ."

"ಕೆಲಸ ಹೋಗುತ್ತೆ."

"ಹೋಗ್ಲಿ. ಅವನಿಗೆ ಜೀವ ಹೋಯ್ತು."

ಕುಂಚಗಳು ನನ್ನವೇ ಆಗಿದ್ದವು. ತೊಳೆದು, ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದೆ. ಬಾಗಿಲ ಹತ್ತಿರ ನೋರಾ ಅಪ್ಪಿಕೊಂಡು ಅತ್ತಳು. ನನಗೆ ಅಳು ಬರಲಿಲ್ಲ. ಕಳಿಸಿದ ಹಾಳೆಗಳನ್ನು ವಾಪಸು ತರಿಸುವುದು ಯಾರ ಕೈಯಲ್ಲೂ ಇಲ್ಲ. ನನ್ನ ಜಾಗಕ್ಕೆ ಬಂದವಳು ಈಗ ಗುಲಾಬಿ ಹಚ್ಚುತ್ತಿದ್ದಾಳೆ, ಅದೂ ಗೊತ್ತು. ಇನ್ನು ಮುಂದೆ ನಾನು ಮನೆಯಲ್ಲೇ ಬಣ್ಣದ ಕೆಲಸ ಹಿಡಿಯುತ್ತೇನೆ. ಚರ್ಚಿನವರು ಆಗಲೇ ಶಾಲೆಯ ಮಕ್ಕಳ ಭೂಪಟಗಳನ್ನು ಬಣ್ಣ ಹಚ್ಚಲು ಕೊಟ್ಟುಹೋಗಿದ್ದಾರೆ.

ಈಗ ಮುಖ್ಯ ವಿಷಯ. ಮೇ ತಿಂಗಳಲ್ಲಿ ಹೊರಡುತ್ತೇನೆ ಎಂದಿದ್ದೆ, ತಡವಾಯಿತು. ಈ ತಿಂಗಳ ಕೊನೆಗೆ ಹೊರಡುತ್ತೇವೆ, ನಾನೂ ಅತ್ತೆಯೂ. ಟೋಬಿಯಸ್ ಪಿಟ್ಸ್‌ಬರ್ಗಿನವರೆಗೆ ತನ್ನ ಅಣ್ಣನ ಬಂಡಿ ಗೊತ್ತುಮಾಡಿದ್ದಾನೆ. ನಿನ್ನನ್ನು ನಾವೇ ಮನೆಗೆ ಕರೆತರುತ್ತೇವೆ. ಆದರೆ ಅದಕ್ಕೆ ಮೊದಲು ಅವನನ್ನು ಇಳಿಸಿದ ನೀರನ್ನು ನಾವು ನೋಡಬೇಕು. ದೂರ, ಯುದ್ಧ, ಹೆಂಗಸರು ಎಂಬ ಮಾತು ಬೇಡ. ಅಲ್ಲಿಗೆ ಹೋಗುವ ದಾರಿಯನ್ನು ಹುಡುಕಿಡು.

ನಿನ್ನ ಅಕ್ಕ
ಕೆಜಾಯ


ಈರಿ
೨೮ ಜುಲೈ ೧೮೧೪
(ಪಿಟ್ಸ್‌ಬರ್ಗ್ ಅಂಚೆಮನೆಯಲ್ಲಿ ಕೆಜಾಯ ಲಾಟನ್ ಬಂದು ಕೇಳುವವರೆಗೆ ಇಡುವುದು)

ಪ್ರೀತಿಯ ಅಕ್ಕ,

ಕಾಳಗ ನಡೆದ ದ್ವೀಪಗಳ ಕಡೆಗೆ ಸಾಮಾನು ಒಯ್ಯುವ ಹಾಯಿದೋಣಿಯೊಂದಿದೆ. ಯಜಮಾನ ಬಿಳಿಯ, ಕನೆಕ್ಟಿಕಟ್ಟಿನವನು, ಮಾತು ಕಡಿಮೆ. ಇಬ್ಬರು ಹೆಂಗಸರು ಮತ್ತು ನನಗೆ ಜಾಗ ಬೇಕೆಂದು ಕೇಳಿದೆ. ತಲೆ ಅಲ್ಲಾಡಿಸಿದ. "ಹಿಟ್ಟಿನ ಪೀಪಾಯಿಗೇ ಜಾಗ ಇಲ್ಲ. ಹೆಂಗಸರಿಗೆ ಅಲ್ಲೇನಯ್ಯ ಕೆಲಸ?" ಎಂದ.

"ಒಬ್ಬನನ್ನ ನೋಡ್ಬೇಕು."

"ಆ ದ್ವೀಪದಲ್ಲಿ ಯಾರಿದಾರೆ?"

"ದ್ವೀಪದಲ್ಲಿ ಅಲ್ಲ. ನೀರಲ್ಲಿ. ಲಾರೆನ್ಸಲ್ಲಿದ್ದ. ಒಬ್ಬಳು ತಾಯಿ, ಇನ್ನೊಬ್ಬಳು ಮದುವೆಯಾಗ್ಬೇಕಾಗಿದ್ದೋಳು."

ಅವನು ನನ್ನ ಮಡಚದ ಕಾಲನ್ನು ನೋಡಿದ. "ನೀನೂ ಅದರಲ್ಲೇ ಇದ್ಯಾ?" ಎಂದ. ಹೌದೆಂದೆ. ಎದ್ದು ಹೋಗಿ ದೋಣಿಯ ಹೊಟ್ಟೆಯೊಳಗೆ ಬಗ್ಗಿ ತನ್ನ ಆಳುಗಳಿಗೆ ಕೂಗಿದ: "ನಾಲ್ಕು ಪೀಪಾಯಿ ಕೆಳಗಿಳಿಸ್ರೋ. ಮುಂದಿನ ಸಲ ಒಯ್ಯೋಣ. ಮನೆಯೋರು ಬರ್ತಿದಾರೆ."

ದೋಣಿ ನೀವು ಬರುವವರೆಗೆ ನಿಲ್ಲುತ್ತದೆ. ಅಲ್ಲಿ ಗಾಳಿ ಜೋರು, ಅತ್ತೆಗೆ ದಪ್ಪ ಶಾಲು ತರಲು ಹೇಳು.

ನಿನ್ನ ತಮ್ಮ
ಐಶಮ್